ಉಡಿಗಾಲದ ನೀಲಾವತಿ ಹಾಸಿದ ರೆಕ್ಕೆ

ಬೆಳ್ಳಿ ಮೂಡುವ ಹೊತ್ತು. ಚಾಮರಾಜನಗರದ ಹೊರಗೆ, ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡೊಂದರಲ್ಲಿ, ನೀಲಾವತಿ ಉದ್ದನೆಯ ಪ್ಲಾಸ್ಟಿಕ್ ಚೀಲದ ಮುಂದೆ ಕುಳಿತಿದ್ದಾರೆ. ಚೀಲದೊಳಗೆ ಚಾಪೆಯ ಹಾಗೆ ಸುತ್ತಿಟ್ಟ ಕರಿ ಬಟ್ಟೆ. ಕಾರ್ಬನ್ ಎಳೆಯಲ್ಲಿ ನೇಯ್ದು, ಅಂಟು ಕುಡಿಸಿ, ಫ್ರೀಜರಿನಲ್ಲಿ ಕಾಪಾಡಿದ್ದು. ರಾತ್ರಿ ಪಾಳಿಯವರು ಅದನ್ನು ಹೊರಗೆ ತೆಗೆದಿಟ್ಟು ಮನೆಗೆ ಹೋಗಿದ್ದಾರೆ. ಈಗ ಚೀಲದ ಮೈಯೆಲ್ಲ ಬೆವರು. ನೀಲಾವತಿ ಮುಂಗೈ ತಾಗಿಸಿ ನೋಡುತ್ತಾರೆ, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ.

“ಇನ್ನೂ ಬೆವರ್ತಾ ಅದ ಕಣಮ್ಮಿ. ಬಿಚ್ಬ್ಯಾಡ,” ಎನ್ನುತ್ತಾರೆ ಕತ್ತರಿ ಹಿಡಿದು ನಿಂತ ಜೊತೆಗಾತಿ ಕುಮಾರಿಗೆ. ಬೆವರು ಆರುವ ಮೊದಲೇ ಚೀಲ ಬಿಚ್ಚಿದರೆ ಪಸೆ ಬಟ್ಟೆಗೆ ಇಳಿಯುತ್ತದೆ. ಓವನ್ನಿನಲ್ಲಿ ಬೇಯುವಾಗ ಅದೇ ಗುಳ್ಳೆಯಾಗಿ ಒಳಗೆ ಕೂರುತ್ತದೆ.

ಕುಮಾರಿಯ ಮನಸ್ಸು ಕತ್ತರಿಯಲ್ಲಿಲ್ಲ. “ನೀಲಕ್ಕ, ಈಗ ಎಲ್ಲಿ ಆರಾಡ್ತಿರ್ಬೌದು ಅದು?”

“ಮೋಡದ್ ಮ್ಯಾಲೆ ಎಲ್ಲೋ. ಅದ್ರ ಪಾಡ್ಗೆ ಅದ ಬುಡು, ನಿನ್ ಪಾಡ್ ನೀ ನೋಡ್ಕೊ.”

ಬಾಯಲ್ಲಿ ಹಾಗೆಂದರೂ ನೀಲಾವತಿಯ ಕಣ್ಣು ಆಗಾಗ ಆಫೀಸಿನ ಬಾಗಿಲ ಕಡೆಗೆ ಹೋಗಿ ಬರುತ್ತದೆ. ಅಲ್ಲಿ ಶೆಡ್ಡಿನ ಯಜಮಾನ ಶಂಕರ್ ಫೋನಿನ ಮುಂದೆ ಕೂತವರು ರಾತ್ರಿಯಿಂದ ಎದ್ದಿಲ್ಲ. ನಿನ್ನೆ ಮುಂಜಾನೆ ಬೇರೊಂದು ಜಿಲ್ಲೆಯ ಪರೀಕ್ಷಾ ನೆಲೆಯಿಂದ ಸೇನೆಗೆಂದು ಕಟ್ಟಿದ ಡ್ರೋನ್ ಮೇಲೇರಿದೆ. ಅದರ ಎರಡೂ ರೆಕ್ಕೆ ಈ ಶೆಡ್ಡಿನ ಹೆಂಗಸರು ಕೈಯಾರೆ ಹಾಸಿದ್ದು. ಒಂದು ಹಗಲು, ಒಂದು ರಾತ್ರಿ ಪೂರಾ ಆಕಾಶದಲ್ಲಿದ್ದು ಅದು ಇವತ್ತು ಇಳಿಯಬೇಕು. ರೆಕ್ಕೆ ಕುಂದಿಲ್ಲದೆ ಮರಳಿದರೆ ಮುಂದಿನ ರೆಕ್ಕೆಗಳೂ ಇವರ ಕೈಗೇ. ಕುಂದು ಕಂಡರೆ ಆ ಕೆಲಸ ದೂರದೂರಿನ ಯಂತ್ರಗಳ ಪಾಲು. ಇವತ್ತು ಹಾಸುತ್ತಿರುವ ಬಾಲದ ಭಾಗವೇ ಕೊನೆಯದಾದರೂ ಆದೀತು.

ಮದುವೆಮನೆಯಲ್ಲಿ ಚಿತ್ರ ತೆಗೆಯುವ ಪುಟ್ಟ ಡ್ರೋನನ್ನು ಇದರ ಪಕ್ಕ ಇಟ್ಟರೆ ಆನೆಯ ಪಕ್ಕ ಇಲಿ ಇಟ್ಟಂತೆ. ಇದರ ರೆಕ್ಕೆಯ ತುದಿಯಿಂದ ತುದಿಗೆ ಎರಡು ಲಾರಿ ಸಾಲಾಗಿ ನಿಲ್ಲಬಹುದು. ಗೋಪಾಲಸ್ವಾಮಿ ಬೆಟ್ಟದಂಥ ಆರು ಬೆಟ್ಟ ಒಂದರ ಮೇಲೊಂದು ಪೇರಿಸಿದಷ್ಟು ಎತ್ತರ ಇದರ ದಾರಿ, ನೆಲದಿಂದ ಕಣ್ಣಿಗೆ ಕಾಣದು. ಒಳಗೆ ಮನುಷ್ಯರಿಲ್ಲ. ನಡೆಸುವವರು ನೆಲದ ಮೇಲೆ ಕೋಣೆಯಲ್ಲಿ ಕೂತು, ಉಪಗ್ರಹದ ಮೂಲಕ ಮಾತಾಡಿಸುತ್ತಾರೆ. ಅವರು ಊಟಕ್ಕೆ ಏಳುತ್ತಾರೆ, ನಿದ್ದೆಗೆ ಹೋಗುತ್ತಾರೆ, ಪಾಳಿ ಬದಲಿಸುತ್ತಾರೆ; ಇದು ಮಾತ್ರ ಎವೆಯಿಕ್ಕದೆ ಕಾಯುತ್ತಿರುತ್ತದೆ. ಕತ್ತಲಲ್ಲಿ ಮೈಯ ಬಿಸಿ ಹಿಡಿದು ಇದು ಮನುಷ್ಯ, ಇದು ಮೇಕೆ ಎಂದು ಬೇರ್ಪಡಿಸುವ ಕ್ಯಾಮೆರಾ, ಮೋಡ ಮುಸುಕಿದರೂ ನೆಲ ಕಾಣುವ ರೇಡಾರ್, ಎರಡನ್ನೂ ಹೊತ್ತಿರುತ್ತದೆ. ಕೆಳಗಿನವರ ದನಿ ಕಡಿದುಹೋದರೆ ದಿಕ್ಕೆಡುವುದಿಲ್ಲ, ಹೊರಟ ನೆಲೆಗೆ ತಾನಾಗಿ ಮರಳಿ ಇಳಿಯುತ್ತದೆ.

ಇಷ್ಟೆಲ್ಲ ಭಾರ ಹೊತ್ತು ಅಷ್ಟು ಹೊತ್ತು ಹೇಗೆ ಹಾರೀತು ಎಂದು ಶೆಡ್ಡು ನೋಡಲು ಬಂದವರು ಕೇಳಿದರೆ ನೀಲಾವತಿ ಹದ್ದಿನ ಹಾಗೆ ಎರಡು ಕೈ ಅಗಲಿಸಿ ತೋರಿಸುತ್ತಾರೆ. “ಅದ್ದು ನೋಡಿಲ್ವ ಸಾ, ನಮ್ ಕೆರೆ ಮ್ಯಾಲೆ? ಒಂದ್ಸಾರಿ ಮ್ಯಾಕೆ ಓಯ್ತು ಅಂದ್ರ ಕಾಗೆ ಅಂಗೆ ಪಟಪಟ ಬಡ್ಕಳಲ್ಲ. ರೆಕ್ಕೆ ಚಾಚ್ಕಂಡು ತೇಲ್ತದ. ಇದೂ ಅಂಗೆಯ. ರೆಕ್ಕೆ ಉದ್ದ ಇರ್ಬೇಕು, ಅಗೂರಾಗಿರ್ಬೇಕು, ಬಾಗುದ್ರೂ ಮುರೀಬಾರ್ದು.” ಅಂಟು ಒಂದು ಹಿಡಿ ಹೆಚ್ಚಾದರೂ ಅಷ್ಟು ಇಂಧನಕ್ಕೆ ಜಾಗ ಕಮ್ಮಿ, ಆಕಾಶದಲ್ಲಿ ಅಷ್ಟು ಎತ್ತರ ಕಮ್ಮಿ, ಅಷ್ಟು ಹೊತ್ತು ಕಮ್ಮಿ.

ನೀಲಾವತಿಯ ತವರು ಗುಂಡ್ಲುಪೇಟೆ ಕಡೆ. ಹುಡುಗಿಯಾಗಿದ್ದಾಗ ಕೂಲಿಗೆ ಚೆಂಡು ಹೂ ಕೊಯ್ಯುತ್ತಿದ್ದರು. ಹಳದಿ ಮೆತ್ತಿದ ಆ ಕೈ ಎಷ್ಟು ಉಜ್ಜಿದರೂ ಬಿಳುಪಾಗುತ್ತಿರಲಿಲ್ಲವಂತೆ. ಉಡಿಗಾಲಕ್ಕೆ ಮದುವೆಯಾಗಿ ಬಂದ ಮೇಲೆ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಆ ಕಾರ್ಖಾನೆ ಬಾಗಿಲು ಹಾಕಿದಾಗ ಈ ಶೆಡ್ಡಿಗೆ ಬಂದರು. ಇಲ್ಲಿಯ ಮೊದಲ ಪಾಠವೇ ಕಠಿಣ: ಕೈಗೆ ಅರಿಸಿನ ಬೇಡ, ತಲೆಗೆ ಎಣ್ಣೆ ಬೇಡ, ಹೂ ಬೇಡ, ಬಳೆ ಬೇಡ. ಎಣ್ಣೆಯ ಒಂದು ಹನಿ, ಹುಡಿಯ ಒಂದು ಚಿಟಿಕೆ ಸಾಕು, ಅಂಟು ಹಿಡಿಯುವುದಿಲ್ಲ.

ಅತ್ತೆ ದೊಡ್ಡಮಲ್ಲಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. “ಗಂಡ ಗುಂಡ್ಕಲ್ಲಂಗೆ ಅವ್ನೆ, ಬೋಳು ಕೈಲಿ ಓಯ್ತಿದ್ದೀಯಲ್ಲಮ್ಮಿ! ಊರು ಏನಂದದು?”

“ಊರು ಸಂಬ್ಳ ಕೊಟ್ಟದೆ ಅತ್ತೆ? ಬಂದ್ ತಕ್ಷಣ ಬಳೆ ಆಕ್ಕತೀನಿ ಬುಡು.”

ಅದೇ ಅತ್ತೆ ಈಗ ನಲ್ಲಿ ಮುಂದೆ ಕೊಡ ಇಟ್ಟವರಿಗೆಲ್ಲ ಹೇಳುತ್ತಾರೆ: “ನನ್ ಸೊಸೆ ಮಾಡಿದ್ ರೆಕ್ಕೆ ಗಡಿ ಕಾಯ್ತದ. ನಿಮ್ ಸೊಸೇರು ಟೀವಿ ಕಾಯ್ತರ.”

ಒಳಗಿನ ಕೆಲಸ ನೋಡಲು ಸರಳ. ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಬೇಕು, ನಡುವಿನಿಂದ ಅಂಚಿಗೆ ನೀವಿ ಗಾಳಿ ಹೊರಡಿಸಬೇಕು. ಒಂದು ಪದರ ನೆಟ್ಟಗೆ, ಮೇಲಿನದು ಓರೆಗೆ, ಅದರ ಮೇಲಿನದು ಅಡ್ಡಕ್ಕೆ. ಎಂಟು ಹೆಂಗಸರ ಕೈಯೂ ಒಂದೇ ಬಿಗಿಯಲ್ಲಿ ಸಾಗಬೇಕು. ಒಬ್ಬರದು ಜೋರಾಗಿ ಒಬ್ಬರದು ಮೆಲ್ಲಗಾದರೆ ಸುಕ್ಕು ಬೀಳುತ್ತದೆ. ಅದಕ್ಕೆ ರಾಗಿ ಬೀಸುವ ಪದದ ಧಾಟಿಯಲ್ಲಿ ಇವರದೇ ಒಂದು ಪದ ಕಟ್ಟಿಕೊಂಡಿದ್ದಾರೆ. ಬಾಯಿಗೆ ಕಟ್ಟಿದ ಬಟ್ಟೆಯೊಳಗಿಂದ ಅದು ಗುನುಗಾಗಿ ಬರುತ್ತದೆ:

ಕರಿಯವ್ವ ನಿನ ಮೈಯ ಸರಿಯಾಗಿ ನೀವೇನು
ಬಿರುಗಾಳಿ ಬಂದ್ರೂ ಬೆದರ್ಬ್ಯಾಡ, ನಮ್ಮೂರ
ಹೆಸರನ್ನ ಮ್ಯಾಲೆ ಹಿಡಿಯವ್ವ

ಸಾಲಿಗೊಂದು ಸಲ ನೀವುವುದು. ಪದ ಮುಗಿಯುವಾಗ ಎಂಟು ಕೈಯೂ ಅಂಚು ಮುಟ್ಟಿರುತ್ತವೆ.

ಇಂಥ ಕೈಗಳಿಂದಲೂ ಒಂದು ರೆಕ್ಕೆ ಹಾಳಾಯಿತು, ಅದೂ ಭಕ್ತಿಯಿಂದ. ಹೋದ ವರ್ಷದ ಆಯುಧಪೂಜೆ. ರೆಕ್ಕೆಯೊಳಗೆ ಉದ್ದಕ್ಕೂ ಮಲಗುವ ತೊಲೆ ಸಿದ್ಧವಾಗಿತ್ತು, ಮರುದಿನ ಮೇಲ್ಹೊದಿಕೆಗೆ ಅಂಟಿಸಬೇಕಿತ್ತು. ಅಷ್ಟು ಚೆಂದದ ಆಯುಧ ಮುಂದಿರುವಾಗ ಪೂಜೆ ಬೇರೆ ಯಾವುದಕ್ಕೆ? ಶಂಕರ್ ತಾವೇ ಕಾಯಿ ಒಡೆದರು. ಹೆಂಗಸರೆಲ್ಲ ಸೇರಿ ತೊಲೆಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಮಂಗಳಾರತಿ ಎತ್ತಿದರು. ಬೆಳಗ್ಗೆ ಒಣಬಟ್ಟೆಯಲ್ಲಿ ಒರೆಸಿ ಅಂಟಿಸಿದರು. ರೆಕ್ಕೆಯನ್ನು ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಅಂಟು ಹಿಡಿಯದ ಜಾಗ ಎದ್ದು ಕಂಡಿತು: ಮೂರು ಬೆರಳಿನ ಮೂರು ಗೆರೆ, ನಡುವೆ ಒಂದು ಬೊಟ್ಟು.

“ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ,” ಎನ್ನುತ್ತಾರೆ ಶಂಕರ್. ಡ್ರೋನ್ ಕಟ್ಟುವ ಕಂಪನಿಯವರಿಗೆ ನಗು ಬರಲಿಲ್ಲ. ಕೈಕೆಲಸ ಸಾಕು, ಯಂತ್ರಕ್ಕೆ ಕೊಡುತ್ತೇವೆ ಎಂದರು. ಶಂಕರ್ ಹತ್ತಾರು ಸಲ ಹೋಗಿ ಬೇಡಿ, ಇನ್ನೊಂದೇ ಒಂದು ಜೊತೆಗೆ ಒಪ್ಪಿಸಿ ಬಂದರು. ಆ ಜೊತೆಯೇ ಈಗ ಮೇಲಿರುವುದು. ಈ ಸಲದ ಆಯುಧಪೂಜೆಯಲ್ಲಿ ವಿಭೂತಿ ಬಿದ್ದದ್ದು ಗೇಟಿನ ಹೊರಗೆ, ವಾಚ್‌ಮನ್ನನ ಸೈಕಲ್ಲಿಗೂ ಟೀ ಕೆಟಲ್ಲಿಗೂ. ರೆಕ್ಕೆಗೆ ದೂರದಿಂದಲೇ ಕೈಮುಗಿದದ್ದು.

“ದೇವರು ಕೋಪ ಮಾಡ್ಕೊಂಡಿರಲ್ವ?” ಎಂದು ಬಂದವರು ಕೇಳಿದರೆ ನೀಲಾವತಿ ನಗುತ್ತಾರೆ. “ಅವ್ನ್ಗೆ ಗೊತ್ತಿಲ್ವ ಸಾ? ನಾವು ಕೈ ತೊಳ್ದು, ತಲೆ ಕಟ್ಟಿ, ಬಾಯಿ ಕಟ್ಟಿ ಒಳೀಕೆ ಓಗದು ನೋಡುದ್ರೆ ಪೂಜಾರಪ್ಪನೂ ಅಷ್ಟು ಮಡಿ ಮಾಡಲ್ಲ.”

ಮಧ್ಯಾಹ್ನ. ಮುದ್ದೆಯ ಡಬ್ಬಿಗಳು ಬಿಚ್ಚಿವೆ, ಯಾರೂ ತುತ್ತು ಮುರಿದಿಲ್ಲ. ಆಫೀಸಿನ ಬಾಗಿಲು ತೆರೆದು ಶಂಕರ್ ಹೊರಗೆ ಬರುತ್ತಾರೆ. ಕಣ್ಣು ಕೆಂಪಾಗಿದೆ.

“ಏನಾಯ್ತು ಸಾರ್, ಬುಡ್ಸಿ ಏಳಿ,” ನೀಲಾವತಿ ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತಾರೆ.

“ಬೆಳಗ್ಗೇನೇ ಇಳೀತಂತೆ. ಹೂವು ಇಟ್ಟಂಗೆ ಇಳೀತಂತೆ. ಸ್ಕ್ಯಾನ್ ಮುಗಿಸಿ ಈಗ ಫೋನ್ ಮಾಡಿದ್ರು.”

“ಸಾರ್, ಈಬೂತಿ ಏನಾದ್ರೂ ಕಾಣ್ತಾ?” ಕುಮಾರಿಯ ಕುಚೋದ್ಯ.

“ಒಂದು ಗೆರೆನೂ ಇಲ್ಲಮ್ಮ. ಒಂದು ಚುಕ್ಕೇನೂ ಇಲ್ಲ. ಮುಂದಿನ ರೆಕ್ಕೆಗಳೆಲ್ಲ ನಮಗೇ!”

ಶೆಡ್ಡಿನ ತಗಡು ಅದುರುವಂತೆ ಕೇಕೆ. ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುವವರು ಅಳುತ್ತಾರೆ, ನಗುವವರು ನಗುತ್ತಾರೆ. ನೀಲಾವತಿ ಗೋಡೆಗೊರಗಿ ಎರಡು ಕೈಯನ್ನೂ ಮುಂದೆ ಚಾಚಿ ನೋಡಿಕೊಳ್ಳುತ್ತಾರೆ, ಅವು ಬೇರೆ ಯಾರದೋ ಎಂಬಂತೆ. ಇನ್ನೊಂದು ಸಲ ಹಾರಿಸುವಾಗ ಎಲ್ಲರನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಶಂಕರ್ ಮಾತು ಕೊಡುತ್ತಾರೆ.

“ಓಗನ ಸಾರ್, ಅದು ನೆಲ ಬುಟ್ಟು ಏಳದ ನೋಡ್ಕಂಡ್ ಬರನ,” ಎನ್ನುತ್ತಾರೆ ನೀಲಾವತಿ, ಡಬ್ಬಿಯನ್ನು ಹತ್ತಿರಕ್ಕೆಳೆದುಕೊಂಡು. “ಆದ್ರ ಮ್ಯಾಕೆ ಓದ್ಮೇಲೆ ಯಾರೂ ಕತ್ತೆತ್ತಿ ಉಡುಕ್ಬಾರ್ದು. ಇನ್ನೂ ಕಣ್ಗೆ ಕಾಣ್ತಾ ಅದ ಅಂದ್ರ ನಾವು ರೆಕ್ಕೆ ಭಾರ ಮಾಡ್ಬುಟ್ಟಿದೀವಿ ಅಂತ.”