ಸೀಮೆಬದನೆ ಚಪ್ಪರ, ತಾತನ ತಿಥಿ

ಆಗೆಲ್ಲ ನಮ್ಮ ಜಯನಗರದಲ್ಲಿ ಮಳೆಗಾಲ ಮುಗಿಯುತ್ತಾ ಬಂತೆಂದರೆ ಅಕ್ಕಪಕ್ಕದವರು ಒಬ್ಬರನ್ನು ಕಂಡು ಒಬ್ಬರು ಹೆದರುತ್ತಿದ್ದರು. ಕಾರಣ ಸೀಮೆಬದನೆಕಾಯಿ. ಒಂದು ಬಳ್ಳಿ ಚಪ್ಪರ ಹತ್ತಿತೆಂದರೆ ಮುಗಿಯಿತು. ಮನೆಯವರು ತಿಂದು, ಕೆಲಸದವರಿಗೆ ಕೊಟ್ಟು, ಬಂದ ನೆಂಟರಿಗೆಲ್ಲ ಕಟ್ಟಿ ಕಳಿಸಿದರೂ ಕಾಯಿ ಮಿಕ್ಕುತ್ತಿತ್ತು. ಸಂಜೆ ಗೇಟಿನ ಚಿಲಕ ಸದ್ದಾದರೆ ಸಾಕು, ಎದುರು ಮನೆಯ ಶಾರದಾ ಆಂಟಿ ಕಿಟಕಿಯಿಂದಲೇ, “ಸೀಮೆಬದನೆ ಆದ್ರೆ ಬೇಡ ಕಣಮ್ಮ, ನಿನ್ನೇದೇ ಇದೆ!” ಎಂದು ಕೂಗುತ್ತಿದ್ದರು. ಇದನ್ನು ಓದುತ್ತಿರುವ ನಿಮ್ಮಲ್ಲೂ ಆ ಚೀಲ ಹಿಡಿದು ಬೀದಿ ಸುತ್ತಿದವರು ಇರಬೇಕು. ಬಾಗಿಲ ಹಿಂದೆ ಅಡಗಿ ಕೂತವರೂ ಇರಬಹುದು.

ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಜನರನ್ನು ಹೆದರಿಸಿದ್ದು ನಮ್ಮ ಮನೆಯ ಬಳ್ಳಿಯೇ. ನೆಟ್ಟವಳು ಅಮ್ಮ. ಬೇಗೂರಿನ ಹುಡುಗಿ ಅವಳು, ಕೆರೆ ಪಕ್ಕದ ತೋಟದಲ್ಲಿ ಮಣ್ಣಾಡಿ ಬೆಳೆದವಳು. ಮದುವೆಯಾಗಿ ಬಂದಾಗ ನಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಮನೆ ಕಟ್ಟಿ ಮಿಕ್ಕ ಜಲ್ಲಿ ಬಿಟ್ಟರೆ ಏನೂ ಇರಲಿಲ್ಲವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅದೇ ಜಾಗದಲ್ಲಿ ಚಪ್ಪರವಿತ್ತು, ಕರಿಬೇವಿತ್ತು, ಕಾಲಿಟ್ಟಲ್ಲಿ ಏನಾದರೊಂದು ಮೊಳೆತಿರುತ್ತಿತ್ತು. ನಾನೂ ನನ್ನ ತಮ್ಮನೂ ಚಪ್ಪರದ ಕೆಳಗೆ ಅಂಗಡಿ ಆಟ ಆಡುತ್ತಿದ್ದೆವು. ಎಲೆಗಳ ಹಸಿ ವಾಸನೆ, ಸಿಪ್ಪೆ ತೆಗೆದರೆ ಬೆರಳಿಗೆ ಅಂಟಿ ಪೊರೆಯಂತೆ ಏಳುತ್ತಿದ್ದ ಆ ಕಾಯಿಯ ಸೊನೆ, ಎರಡೂ ನನಗೆ ಈಗಲೂ ನೆನಪಿವೆ.

ಅಪ್ಪನಿಗೆ ಮಾತ್ರ ಮಣ್ಣು ಕಂಡರೆ ಆಗುತ್ತಿರಲಿಲ್ಲ. ಬ್ಯಾಂಕಿನ ಕೆಲಸ, ಇಸ್ತ್ರಿ ಮಾಡಿದ ಬಿಳಿ ಷರಟು. ಬಚ್ಚಲಿಗೆ ಹೋಗಬೇಕಾದರೆ ಹಿತ್ತಿಲು ದಾಟಬೇಕು, ದಾಟಿದರೆ ಕಾಲಿಗೆ ಕೆಸರು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಆಗಷ್ಟೇ ಮಳೆ ಶುರುವಾಗಿತ್ತು, ಒಂದು ಬೆಳಿಗ್ಗೆ ಅವರು ಜಾರಿ ಬಿದ್ದರು. ಏಟಾಗಲಿಲ್ಲ, ಷರಟು ಹೋಯಿತು. ಅಪ್ಪನಿಗೆ ಅದಕ್ಕಿಂತ ದೊಡ್ಡ ಏಟು ಇನ್ನೊಂದಿರಲಿಲ್ಲ.

“ಮಳೆ ನಿಂತ ಮೇಲೆ ಮೇಸ್ತ್ರಿನ ಕರೆಸ್ತೀನಿ,” ಅಂದರು. “ಹಿತ್ತಿಲಿಗೆ ಪೂರ್ತಿ ಸಿಮೆಂಟು. ಒಂದು ಬಕೆಟ್ ನೀರು ಹಾಕಿದ್ರೆ ಕ್ಲೀನ್.”

“ಗಿಡಗಳೆಲ್ಲ?” ಅಂದಳು ಅಮ್ಮ.

“ಫೋರ್ತ್ ಬ್ಲಾಕ್ ಮಾರ್ಕೆಟ್ಟಲ್ಲಿ ಸಿಗದೇ ಇರೋ ತರಕಾರಿ ನೀನೇನು ಬೆಳೀತೀಯ ಹೇಳು? ವರ್ಷವಿಡೀ ಸೊಂಟ ಮುರ್ಕೊಂಡು ಕೊನೆಗೆ ಬರೋದು ಈ ಸಪ್ಪೆ ಕಾಯಿ. ಇದೆಲ್ಲ ಆಗೋ ಹೋಗೋ ಕೆಲಸಾನಾ?”

ಹುಣಸೆಹಣ್ಣು ಹಿಂಡುತ್ತಿದ್ದ ಅಮ್ಮನ ಕೈ ನಿಂತುಬಿಟ್ಟಿತು. ಹಿತ್ತಿಲು ಹೋದರೆ ಈ ಮನೆಯಲ್ಲಿ ಅವಳದು ಅನ್ನುವಂಥದ್ದು ಏನೂ ಉಳಿಯುವುದಿಲ್ಲ ಎಂದು ಆ ವಯಸ್ಸಿಗೂ ನನಗೆ ತಿಳಿಯಿತು.

ನ್ಯಾಯ ಹೇಳಿದವರು ಅಜ್ಜಿ, ಅಪ್ಪನ ಅಮ್ಮ. “ಕಾರ್ತಿಕದಲ್ಲಿ ನಿಮ್ಮಪ್ಪನ ತಿಥಿ ಬರುತ್ತಲ್ಲ. ಆವತ್ತಿನ ಅಡಿಗೆ ಹಿತ್ತಿಲ ತರಕಾರಿಲೇ ಆಗ್ಲಿ. ಆಯ್ತೋ, ಹಿತ್ತಿಲು ಉಳೀತು. ಆಗ್ಲಿಲ್ವೋ, ಮೇಸ್ತ್ರಿನ ಕರಿ.”

ಅಪ್ಪ ನಕ್ಕು ಒಪ್ಪಿಕೊಂಡರು. ನಗದೆ ಏನು? ತಿಥಿ ಅಡಿಗೆಗೆ ಸೀಮೆಬದನೆ ಆಗದು. ಸೀಮೆಯಿಂದ ಬಂದದ್ದು, ಹಿರಿಯರು ಕಂಡರಿಯದ್ದು ಎಂದು ಅದು ನಿಷಿದ್ಧ. ಟೊಮೇಟೊ, ಬೀನ್ಸ್, ಕೋಸು ಎಲ್ಲಕ್ಕೂ ಅದೇ ಗತಿ. ಹಾಗಲ, ಬಾಳೆಕಾಯಿ, ಸಿಹಿಗುಂಬಳದಂಥ ನಮ್ಮ ನೆಲದ ತರಕಾರಿಯೇ ಬೇಕು. ಅಮ್ಮ ಮಾರನೆಯ ದಿನವೇ ಚಪ್ಪರದ ಇನ್ನೊಂದು ಮಗ್ಗುಲಿಗೆ ಹಾಗಲ, ಮೂಲೆಗೆ ಕುಂಬಳ ಹಾಕಿದಳು.

ಎರಡೂ ಹುಟ್ಟಿದವು, ಹಬ್ಬಿದವು, ಹೂವನ್ನೂ ಬಿಟ್ಟವು. ಅಷ್ಟರಲ್ಲಿ ಗೌರಿ ಹಬ್ಬ ಬಂತು, ಸೀಮೆಬದನೆಗೆ ಹುಚ್ಚು ಹಿಡಿಯಿತು. ಚಪ್ಪರ ಮುಚ್ಚಿ, ಕಾಂಪೌಂಡ್ ಏರಿ, ಹಾಗಲದ ಬಳ್ಳಿಗೆ ಬಿಸಿಲೇ ಬೀಳದ ಹಾಗೆ ಮಾಡಿತು. ಕುಂಬಳದ ಬುಡವನ್ನು ಹೆಗ್ಗಣ ತೋಡಿ ಮುಗಿಸಿತು.

“ಸೀಮೆಬದನೆ ಕತ್ತರಿಸೇ, ಹಾಗಲ ಉಸಿರು ಕಟ್ಟಿ ಸಾಯ್ತಿದೆ,” ಅಂದರು ಅಜ್ಜಿ.

“ಕಾಯಿ ಬಿಟ್ಟ ಬಳ್ಳಿಗೆ ಯಾರಾದ್ರೂ ಕತ್ತಿ ಹಾಕ್ತಾರಾ ಅತ್ತೆ?”

“ಹಾಗಾದ್ರೆ ಸಿಮೆಂಟ್ ಮೇಲೆ ಕೂತ್ಕೊಂಡು ಹಪ್ಪಳ ಒಣಗಿಸು.”

ಅಮ್ಮ ಕತ್ತರಿಸಲಿಲ್ಲ. ನಾನು ಅಳುತ್ತಾ ಕೂತೆ, ತಮ್ಮ ಕುಡುಗೋಲು ತಂದು ಕೊಟ್ಟ, ಅವಳು ಅದನ್ನು ಇಸಿದುಕೊಂಡು ಅಟ್ಟದ ಮೇಲಿಟ್ಟಳು. ಮೃದು ಮನಸ್ಸಿನವರ ಹಟ ಕತ್ತೆಯ ಹಟಕ್ಕಿಂತ ಗಟ್ಟಿ. ಹಾಗಲ ಹಳದಿಗೆ ತಿರುಗಿ ಒಣಗಿತು.

ಇತ್ತ ಸೀಮೆಬದನೆ ಖರ್ಚಾಗಬೇಕಲ್ಲ? ಹಸಿ ಕಾಯಿ ಕಂಡರೆ ಬೀದಿಯವರು ಬಾಗಿಲು ಹಾಕುತ್ತಿದ್ದರು. ಅಮ್ಮ ಉಪಾಯ ಮಾಡಿದಳು. ಕಾಯಿಯಿಂದ ಮಜ್ಜಿಗೆ ಹುಳಿ, ಕೂಟು, ಸಿಪ್ಪೆಯಿಂದ ಇಂಗಿನ ಒಗ್ಗರಣೆಯ ಚಟ್ನಿ ಮಾಡಿ ಸ್ಟೀಲ್ ಡಬ್ಬಿಗಳಲ್ಲಿ ಕಳಿಸತೊಡಗಿದಳು. ಘಮಘಮಿಸುವ ಡಬ್ಬಿಯನ್ನು ಬೇಡ ಅನ್ನುವವರು ಯಾರು? ದಿನಾ ಸಂಜೆ ನಾವಿಬ್ಬರೂ ಹಂಚುತ್ತಿದ್ದೆವು. ಆದರೆ ಡಬ್ಬಿಗಳು ಬೇಗ ವಾಪಸ್ ಬರುತ್ತಿರಲಿಲ್ಲ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಅನ್ನುವುದು ಆಗ ಎಲ್ಲರ ಮನೆಯ ಪದ್ಧತಿ. ತುಂಬಲು ಏನಾದರೂ ವಿಶೇಷ ಆಗುವವರೆಗೂ ಅವು ಅವರವರ ಅಡಿಗೆಮನೆಯಲ್ಲೇ ಕೂರುತ್ತಿದ್ದವು. ದೀಪಾವಳಿ ಕಳೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಸಾರು ಬಗ್ಗಿಸಿಡಲೂ ಪಾತ್ರೆ ಇರಲಿಲ್ಲ.

ತಿಥಿಯ ಹಿಂದಿನ ದಿನ ಅಪ್ಪ ಚೀಲ ಕೊಡವಿ ಬಾಗಿಲ ಮೊಳೆಗೆ ನೇತುಹಾಕಿದರು. “ಸಂಜೆ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿಗೆ ಹೋಗಿ ಹಾಗಲಕಾಯಿ ತರ್ತೀನಿ,” ಅಂದರು. ಗೆದ್ದವರ ದನಿ ಅಲ್ಲ, ಪಾಪ, ಅವರಿಗೂ ಅಮ್ಮನ ಮುಖ ನೋಡಲು ಕಷ್ಟವಾಗುತ್ತಿತ್ತು. ಅಜ್ಜಿ ಮಾತ್ರ ನಮ್ಮನ್ನು ಕರೆದು, “ಹೋಗಿ ಪಾತ್ರೆ ಎಲ್ಲ ಇಸ್ಕೊಂಡು ಬನ್ನಿ, ನಾಳೆ ಮನೇಲಿ ತಿಥಿ ಅಂತ ಹೇಳಿ,” ಎಂದರು.

ಹೇಳಿದೆವು. ಶಾರದಾ ಆಂಟಿ ಡಬ್ಬಿ ಕೈಗೆತ್ತಿಕೊಂಡು, ಮುಚ್ಚಳ ತೆಗೆದು, ನಿಂತರು. ಒಲೆಯ ಮೇಲೆ ಕೇಸರಿಬಾತು ಘಮ್ಮೆನ್ನುತ್ತಿತ್ತು. ನನ್ನ ಬಾಯಲ್ಲಿ ನೀರೂರಿತು.

“ತಿಥಿ ಮನೆಗೆ ಬೇಯಿಸಿದ್ದು ಕೊಡೋ ಹಾಗಿಲ್ವಲ್ಲೇ,” ಅಂದರು. “ಬರೀ ಡಬ್ಬಿನೂ ಕೊಡೋ ಹಾಗಿಲ್ಲ. ತಡಿ.” ಹಿತ್ತಿಲಿಗೆ ಹೋದವರು ಸೆರಗಿನ ತುಂಬ ಎಳೆ ಹಾಗಲಕಾಯಿ ತಂದು ಡಬ್ಬಿಗೆ ತುರುಕಿದರು. “ಇದಾದ್ರೆ ನಡೆಯುತ್ತೆ. ನಿಮ್ಮಜ್ಜಿಗೆ ಹೇಳು.”

ಮೂಲೆಮನೆಯವರು ಬಟ್ಟೆ ವ್ಯಾಪಾರದವರು, ಲಿಂಗಾಯತರು. ಆ ಮನೆಯ ಬಸಮ್ಮಜ್ಜಿ, “ನಿಮ್ಮ ಪೈಕಿ ತಿಥಿಗೆ ಏನೇನು ನಡೆಯುತ್ತವ್ವಾ?” ಎಂದು ನನ್ನನ್ನೇ ಕೇಳಿ, ಹಿತ್ತಿಲಿಂದ ತಾರಸಿಗೆ ಹಬ್ಬಿದ್ದ ಬಳ್ಳಿಯ ಸಿಹಿಗುಂಬಳವನ್ನು ತಮ್ಮನ ತಲೆಯ ಮೇಲಿಟ್ಟು, ಡಬ್ಬಿಯನ್ನು ಅದರ ಮೇಲಿಟ್ಟರು. ಹಿಂದಿನ ಬೀದಿಯ ತಮಿಳು ಮಾಮಿ ಮನೆಯಿಂದ ಬಾಳೆಕಾಯಿಯ ಚಿಪ್ಪು, ಜೊತೆಗೆ ಎಲೆಯ ಸುರುಳಿ. ಒಂದು ಪಾತ್ರೆಯೂ ಬರಿದಾಗಿ ಬರಲಿಲ್ಲ. ಕೊಟ್ಟದ್ದೆಲ್ಲ ಅವರವರ ಹಿತ್ತಿಲಲ್ಲೇ ಬೆಳೆದದ್ದು.

ಅಡಿಗೆಮನೆಯ ನೆಲದ ಮೇಲೆ ಎಲ್ಲ ಹರಡಿದಾಗ ಅಮ್ಮ ಕೂತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು. ಚೀಲ ಹಿಡಿದು ಹೊರಟಿದ್ದ ಅಪ್ಪ ನಿಂತರು.

“ಇದು ನಮ್ಮ ಹಿತ್ತಿಲದ್ದಲ್ಲಮ್ಮ.”

“ಬಾವಿಯಿಂದ ಸೇದೋವಾಗ ನೀರು ಯಾರ ಜಮೀನಿನ ಕೆಳಗಿಂದ ಬಂತು ಅಂತ ಕೇಳ್ತೀವೇನೋ?” ಅಂದರು ಅಜ್ಜಿ. “ಆ ಚೀಲ ಒಳಗಿಡು.”

ಅಪ್ಪ ಒಳಗಿಟ್ಟರು. ಮಾರನೆಯ ದಿನ ಹಾಗಲಕಾಯಿ ಗೊಜ್ಜನ್ನು ಎರಡು ಸಲ ಬಡಿಸಿಕೊಂಡರು. ಹೇಳಿ ಕಳಿಸಿದ್ದ ಮೇಸ್ತ್ರಿ ಕೆಲವು ದಿನ ಬಿಟ್ಟು ಬಂದೇ ಬಂದ. “ಬಂದಿದ್ದೀಯಲ್ಲ, ಚಪ್ಪರ ವಾಲಿದೆ, ಎರಡು ಕಲ್ಲುಕಂಬ ನಿಲ್ಲಿಸಿ ಹೋಗು. ಬಚ್ಚಲಿಗೆ ಹೋಗೋಕೆ ಮಾತ್ರ ಒಂದು ಸಾಲು ಚಪ್ಪಡಿ ಹಾಕು,” ಅಂದರು ಅಪ್ಪ.

ಮನೆಯಲ್ಲಿ ತರಕಾರಿ ಬೆಳೆಯುವುದು ಆಗೋ ಹೋಗೋ ಕೆಲಸವಾ ಎಂದು ಈಗಲೂ ಜನ ಕೇಳುತ್ತಾರೆ. ಫೋನ್ ಒತ್ತಿದರೆ ಸೊಪ್ಪು ಬಾಗಿಲಿಗೆ ಬರುವ ಕಾಲದಲ್ಲಿ ಕೇಳುವುದು ಸಹಜ. ನನ್ನ ಉತ್ತರ ಒಂದೇ: ಆಗುವ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡಿ. ನಾನು ಪುಟ್ಟೇನಹಳ್ಳಿಯ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಚೀಲ, ಡ್ರಮ್ಮುಗಳಲ್ಲೇ ಬೆಳೆಯುತ್ತೇನೆ. ಅಮ್ಮನಿಗಿಂತ ಚೆನ್ನಾಗಿಯೇ ಬೆಳೆಯುತ್ತೇನೆ. ನಮ್ಮ ತಾರಸಿಯಲ್ಲಿ ಹೆಗ್ಗಣವಿಲ್ಲ, ಕಾಯಿ ಬಿಟ್ಟ ಬಳ್ಳಿಯನ್ನು ಕತ್ತರಿಸಲು ನನಗೆ ಅಳುಕೂ ಇಲ್ಲ. ಜಯನಗರದ ಆ ಮನೆಗಳೆಲ್ಲ ಬಹುಮಹಡಿ ಕಟ್ಟಡಗಳಾಗಿ, ಹಿತ್ತಿಲುಗಳು ಕಾರು ನಿಲ್ಲಿಸುವ ನೆಲಮಾಳಿಗೆಗಳಾಗಿವೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ.

ಹೋದ ವರ್ಷ ಅಪ್ಪನ ತಿಥಿ ನಮ್ಮ ಮನೆಯಲ್ಲೇ ನಡೆಯಿತು, ತಮ್ಮ ಬಂದು ಮಾಡಿದ. ನಾನು ಮಳೆಗಾಲಕ್ಕೆ ಮೊದಲೇ ಹಟಕ್ಕೆ ಬಿದ್ದು ಹಾಗಲ, ಕುಂಬಳ, ಗೋರಿಕಾಯಿ ಹಾಕಿದ್ದೆ, ದೊಡ್ಡ ಡ್ರಮ್ಮಿನಲ್ಲಿ ಅದಕ್ಕೂ ಹಿಂದಿನ ವರ್ಷವೇ ಬಾಳೆಯನ್ನೂ ನೆಟ್ಟಿದ್ದೆ. ಎಲ್ಲವೂ ಫಲ ಕೊಟ್ಟವು. ಎಲೆಯ ಮುಂದೆ ಕೂತ ಅಮ್ಮ ಗೊಜ್ಜು ನೆಕ್ಕಿ, ಪಲ್ಯ ತಿಂದು, “ಎಲ್ಲಾನೂ ನೀನೇ ಬೆಳೆದ್ಯಾ?” ಅಂದಳು.

“ಹೂಂ ಕಣಮ್ಮ. ಒಂದು ಕರಿಬೇವಿನ ಎಲೆನೂ ಹೊರಗಿಂದಲ್ಲ,” ಅಂದೆ, ಎದೆಯುಬ್ಬಿಸಿಕೊಂಡು.

ಅಮ್ಮ ನನ್ನ ಮುಖವನ್ನು ಕನಿಕರದಿಂದ ನೋಡಿದಳು. “ಅಯ್ಯೋ ಪಾಪ,” ಅಂದಳು, “ಯಾರ ಮನೆಯಿಂದಲೂ ಏನೂ ಬರ್ಲಿಲ್ವೇನೇ?”