ಕಂಪ್ಯೂಟರ್ ಒಬ್ಬನಿಗೆ, ಟಿವಿ ಒಬ್ಬನಿಗೆ

ನಿಮ್ಮ ಅಜ್ಜ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿದ್ದರು. ಭಾನುವಾರ ತರಕಾರಿ ತರಲು ನಾಶಿಕಕ್ಕೆ ಹೋದವರು ಮೆಂತ್ಯದ ಸೂಡು ಮರೆತು ಹಳೆಯ ಕಂಪ್ಯೂಟರ್ ಹಿಡಿದುಕೊಂಡು ಬರುತ್ತಿದ್ದರು. ಅವು ನಿಮ್ಮ ಲ್ಯಾಪ್‌ಟಾಪಿನಂಥವಲ್ಲ. ಕೀಲಿಗಳಿರುವ ಒಂದು ಪೆಟ್ಟಿಗೆ, ಅಷ್ಟೇ, ಪರದೆ ಇಲ್ಲ. ಮನೆಯ ಟಿವಿಗೆ ತಂತಿ ಹಚ್ಚಿದರೆ ಮಾತ್ರ ಅದರ ಅಕ್ಷರ ಕಾಣುವುದು. ಅದಕ್ಕಾಗಿ ಅಜ್ಜ ಬೆನ್ನು ಉಬ್ಬಿದ ದಪ್ಪ ಟಿವಿಗಳನ್ನೂ ಕೂಡಿಟ್ಟಿದ್ದರು.

ಅವರು ತೀರಿಹೋದ ಮೇಲೆ ಪಾಲು ಮಾಡಲು ಬೀದರಿನಿಂದ ಅವರ ಅಣ್ಣ ಬಂದರು. ಮನೆಯ ವಿಷಯ ಒಂದು ಕಪ್ ಚಹಾದಲ್ಲಿ ಮುಗಿಯಿತು. ಈ ಸಾಮಾನಿನ ವಿಷಯ ಮಧ್ಯಾಹ್ನವಿಡೀ ನಡೆಯಿತು. ಕೊನೆಗೆ ಭಾವನವರು ತೀರ್ಪು ಕೊಟ್ಟರು:

"ಕಂಪ್ಯೂಟರ್ ಎಲ್ಲಾ ಸಣ್ಣವಂಗ, ಟಿವಿ ಎಲ್ಲಾ ದೊಡ್ಡವಂಗ. ಇಬ್ಬರಿಗೂ ಒಂದೊಂದು ಕೋಣಿ ತುಂಬ್ತದ. ಮತ್ತೇನ್ರಪಾ ಬೇಕು?"

ಎಂಥ ನ್ಯಾಯ ಎಂದು ಎಲ್ಲರೂ ತಲೆದೂಗಿದರು. ಒಂದಿಲ್ಲದೆ ಒಂದು ನಡೆಯುವುದಿಲ್ಲ ಎಂದು ಅಡುಗೆಮನೆಯಲ್ಲಿದ್ದ ನನಗೆ ಗೊತ್ತಿತ್ತು. ಆದರೆ ಭಾವನವರ ಎದುರು ಬಾಯಿ ತೆರೆಯುವ ರೂಢಿ ನಮ್ಮಲ್ಲಿಲ್ಲ. ಇನ್ನೊಂದು ಸುತ್ತು ಚಹಾ ಕಳಿಸಿದೆ.

ಅಂದೇ ಅಜ್ಜನ ಸ್ಕೂಟರಿಗಾಗಿ ನಿಮ್ಮ ಅಪ್ಪಂದಿರಿಬ್ಬರೂ ಮಾತು ಬಿಟ್ಟರು. ದೊಡ್ಡವನು ಸಂಭಾಜಿನಗರದ ಹತ್ತಿರ ವಾಳೂಜಿನ ಕಾರ್ಖಾನೆಯವನು. ಟಿವಿಗಳು ಅವನ ಜೊತೆ ಅಲ್ಲಿಗೆ ಹೋದವು. ಸಣ್ಣವನು ನಾಶಿಕದಲ್ಲೇ, ಸಾತಪುರದಲ್ಲಿ ಕೆಲಸದವನು. ಕಂಪ್ಯೂಟರುಗಳು ನಾಶಿಕದಲ್ಲಿ ಉಳಿದವು. ನಾನು ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಇಲ್ಲಿ.

ಒಂದು ದಿನ ಸಣ್ಣ ಸೊಸೆ ನನ್ನೆದುರಿಗೇ ಗಂಡನಿಗೆ ಹೇಳಿದಳು: "ಹುಡುಗಿಗೆ ಓದಲಿಕ್ಕೆ ಜಾಗ ಇಲ್ಲ. ದಿವಾಳಿಯೊಳಗ ಈ ಕಂಪ್ಯೂಟರ್ ನಡದ್ರ ಇರ್ಲಿ. ಇಲ್ಲಾಂದ್ರ ಹಳೆ ಸಾಮಾನಿನವಂಗ ಕೊಟ್ಟು ಬಿಡ್ತೀನಿ ನೋಡ್ರಿ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಿಮ್ಮ ಅಜ್ಜ ಬದುಕಿದ್ದಾಗ ನಾನೂ ಆ ಪೆಟ್ಟಿಗೆಗಳನ್ನು ಬೈದವಳೇ. ಆದರೂ ಅವು ಹಳೆ ಸಾಮಾನಿನವನ ತಕ್ಕಡಿಯ ಮೇಲೆ ಕೂರುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಸಣ್ಣವನು ಹಟಕ್ಕೆ ಬಿದ್ದ. ಗೋಡೆಯ ಮೇಲಿನ ತೆಳು ಟಿವಿಯ ಆಂಟೆನಾ ತೂತಿಗೆ ತಂತಿ ಸಿಕ್ಕಿಸಿದರೆ ಪರದೆಯ ತುಂಬ ಕಪ್ಪುಬಿಳಿ ಚುಕ್ಕೆಯ ಇರುವೆಗಳು. ಹಳದಿ ಪಿನ್ನಿನ ತಂತಿ ಹಚ್ಚಿದರೆ ಚಿತ್ರ ಬಂತು, ಆದರೆ ಆಟದೊಳಗಿನ ಗುಂಡಗಿರಬೇಕಾದ ಚೆಂಡು ಮೇಲೆ ಯಾರೋ ಕೂತೆದ್ದ ಹಾಗೆ ಅಡ್ಡಡ್ಡ ಹರಡಿತು. ಕೀಲಿ ಒತ್ತಿದ ಮೇಲೆ ಅದು ಯೋಚನೆ ಮಾಡಿ ಹಾರುತ್ತಿತ್ತು, ಸರ್ಕಾರಿ ಕಚೇರಿಯಲ್ಲಿ ಫೈಲು ಏಳುವ ಹಾಗೆ. ಆಮೇಲೆ ಎರಡರ ನಡುವೆ ಹಚ್ಚಲು ಒಂದು ಪರಿವರ್ತಕ ಡಬ್ಬಿ ತಂದ. ಆ ಡಬ್ಬಿಗೆ ಬೇರೆ ಚಾರ್ಜರ್ ಬೇಕಾಯಿತು, ಅದರ ತಂತಿ ಗಿಡ್ಡವಾಯಿತು. ಎಲ್ಲ ಕೂಡಿಸಿದ ಮೇಲೆ ಟಿವಿ ನೀಲಿ ಮುಖ ಮಾಡಿ 'ಸಿಗ್ನಲ್ ಇಲ್ಲ' ಎಂದಿತು.

ಹಳೆ ಕಂಪ್ಯೂಟರಿನವರದ್ದೊಂದು ವಾಟ್ಸಾಪ್ ಗುಂಪಿತ್ತು. ತೆಳು ಟಿವಿ ಹಚ್ಚುವುದು ಮಹಾಪಾಪ ಎಂದ ಒಬ್ಬ. ವಿದೇಶದಿಂದ ಇನ್ನೂ ದುಬಾರಿ ಡಬ್ಬಿ ತರಿಸು ಎಂದ ಮತ್ತೊಬ್ಬ. ಮೂರನೆಯವನು ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸಿದ. ಕಡೆಗೆ ಅಜ್ಜನ ಜೊತೆ ಕೆಲಸ ಮಾಡಿದವರೊಬ್ಬರು ಮನೆಗೆ ಬಂದು ನೋಡಿದರು.

"ಇದಕ್ಕ ದಪ್ಪ ಟಿವಿನೇ ಬೇಕು ನೋಡಪಾ. ನಿಮ್ಮಪ್ಪನ ಹತ್ರ ರಗಡ ಇದ್ವಲ್ಲ?"

"ನಮ್ಮ ಕಡೆ ಇಲ್ರಿ," ಎಂದು ಸಣ್ಣವನು ಗೋಡೆ ನೋಡಿದ.

ಅವು ಎಲ್ಲಿವೆ ಎಂದು ನಾನು ನೋಡಿದ್ದೆ. ಸಂಭಾಜಿನಗರದ ಮನೆಯಲ್ಲಿ ಒಂದರ ಮೇಲೆ ಪ್ಲಾಸ್ಟಿಕ್ ಹೂದಾನಿ, ಇನ್ನೊಂದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆ. ಅಲ್ಲಿದ್ದಾಗ ದೊಡ್ಡವನು "ಬೇಕಾದ್ರ ಅವನೇ ಕೇಳ್ಲಿ" ಅನ್ನುತ್ತಿದ್ದ. ಇಲ್ಲಿ ಸಣ್ಣವನು "ಕೊಡೂದಿದ್ರ ಅವನೇ ಕೊಡ್ಲಿ" ಅನ್ನುತ್ತಿದ್ದ. ಎರಡನ್ನೂ ಕೇಳುವ ಭಾಗ್ಯ ನನ್ನೊಬ್ಬಳದೇ.

ದಿವಾಳಿ ಹತ್ತಿರ ಬಂತು. ಸೊಸೆ ಕೋಣೆಗೆ ಹಚ್ಚುವ ಬಣ್ಣ ಆರಿಸತೊಡಗಿದಳು. ನಾನು ಬಾಲ್ಕನಿಗೆ ಹೋಗಿ ದೊಡ್ಡವನಿಗೆ ಫೋನು ಮಾಡಿದೆ. ಮಕ್ಕಳ ಹತ್ತಿರ ಏನನ್ನಾದರೂ ಕೇಳಿ ನನಗೆ ಅಭ್ಯಾಸವಿಲ್ಲ.

"ಪಾಲಿನಾಗ ನನಗೇನೂ ಬರ್ಲಿಲ್ಲಲ್ಲೋ," ಎಂದೆ.

"ನಿನಗ್ಯಾಕ ಪಾಲು ಯವ್ವಾ? ನಾವಿದ್ದೀವಲ್ಲ."

"ನೀವಿದ್ದೀರಿ. ಟಿವಿ ಇಲ್ಲ. ನನಗೊಂದು ಟಿವಿ ಕೊಡು."

"ಹೊಸಾದು ಕೊಡಸ್ತೀನಿ. ಗ್ವಾಡಿಗೆ ಹಾಕೂದು, ದೊಡ್ಡದು."

"ಬ್ಯಾಡ. ಹೂದಾನಿ ಕೆಳಗಿಂದು."

"ಅವನ ಸಲುವಾಗಿ ಕೇಳ್ಲಿಕತ್ತಿ, ಹೌದಲ್ಲ?"

"ನನ್ನ ಸಲುವಾಗಿ," ಎಂದು ಫೋನು ಇಟ್ಟೆ.

ಭಾನುವಾರ ಟಿವಿ ಬಂತು. ಕಾರಿನ ಹಿಂದಿನ ಸೀಟಿನಲ್ಲಿ ಕೌದಿ ಹೊದ್ದು, ಬೆಲ್ಟ್ ಕಟ್ಟಿಕೊಂಡು ಬೀಗರ ಹಾಗೆ ಕೂತಿತ್ತು. ಒಬ್ಬನೇ ಎತ್ತಲು ಹೋದ ದೊಡ್ಡವನ ಸೊಂಟ ಹಿಡಿಯಿತು. ಮೇಲಿನಿಂದ ನೋಡುತ್ತಿದ್ದ ಸಣ್ಣವನು ಬರಿಗಾಲಲ್ಲಿ ಇಳಿದು ಹೋದ.

"ಆ ಕಡೆ ಹಿಡಿ," ಎಂದ ದೊಡ್ಡವನು.

"ಗಾಜು ನನ್ನ ಕಡೆ ಇರ್ಲಿ."

"ಛಲೋದೆಲ್ಲಾ ಯಾವಾಗ್ಲೂ ನಿನ್ನ ಕಡೆನ!"

ಸ್ಕೂಟರಿನ ಜಗಳದ ನಂತರ ಅವರು ಆಡಿದ ಮೊದಲ ಮಾತುಗಳು ಇವೇ. ಮೇಲೆ ಬಂದ ಮೇಲೆ ಆಂಟೆನಾ ತೂತೋ ಹಳದಿ ಪಿನ್ನೋ ಎಂದು ಊಟದ ಹೊತ್ತಿನವರೆಗೆ ಕಿತ್ತಾಡಿದರು. ದೊಡ್ಡವನು ಟಿವಿಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿದ. ಇರುವೆಗಳು ಸರಿದು ಬಿಳಿ ಅಕ್ಷರ ನಿಂತವು. ಸಣ್ಣವನು ಕೀಲಿ ಒತ್ತಿದ. ಗುಂಡನೆಯ ಚೆಂಡು ತಕ್ಷಣ ಹಾರಿತು. ಸೊಸೆ ಬಾಗಿಲಲ್ಲಿ ನಿಂತು ನೋಡಿ, ಬಣ್ಣ ಆರಿಸುವ ಕಾಗದ ಮಡಚಿಟ್ಟಳು.

ಇನ್ನು ಟಿವಿ ಯಾರ ಮನೆಯಲ್ಲಿರಬೇಕು ಎಂಬ ಜಗಳ ಶುರುವಾಯಿತು. "ಅದು ನಂದು. ನಾ ಎಲ್ಲಿರ್ತೀನೋ ಅಲ್ಲಿ," ಎಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು.

ಈಗ ನಾನು ಮನೆ ಬದಲಿಸಿದಾಗಲೆಲ್ಲ ಟಿವಿ ಹೊರಡುತ್ತದೆ, ಅದರ ಹಿಂದೆ ಕಂಪ್ಯೂಟರುಗಳು. ನಾನು ದೊಡ್ಡವನ ಮನೆಯಲ್ಲಿರುವ ತಿಂಗಳುಗಳಲ್ಲಿ ನಾಶಿಕದ ಕೋಣೆಯಲ್ಲಿ ಹುಡುಗಿ ಓದುತ್ತಾಳೆ. ಟಿವಿ ಎತ್ತಲು ಇಬ್ಬರೂ ಬರಲೇಬೇಕು. ಮುಂದಿನ ವಾರ ಸಂಭಾಜಿನಗರಕ್ಕೆ ಹೊರಟಿದ್ದೇನೆ. ಯಾವ ತಂತಿ ಯಾವ ಚೀಲದಲ್ಲಿರಬೇಕೆಂದು ಬೆಳಗಿನಿಂದ ಇಬ್ಬರೂ ಫೋನಿನಲ್ಲಿ ಕೂಗಾಡುತ್ತಿದ್ದಾರೆ. ನಾನು ಶೇಂಗಾ ಚಟ್ನಿ ಕುಟ್ಟುತ್ತಿದ್ದೇನೆ.