ಆರನೆಯ ಕಾಳು

ಕೊಪ್ಪದ ನಿಲ್ದಾಣದಲ್ಲಿ ಹುಣಸೂರು ಬಸ್ಸಿಗೆ ಕಾಯುತ್ತಾ ಅವರೆಕಾಯಿ ಸುಲಿಯುತ್ತಿದ್ದೆ. ನರ್ಸ್ ಆಗಿರುವ ಸೊಸೆ ಶಿಲ್ಪಳಿಗೆ ಅಲ್ಲೇ ಫೋನು ಬಂತು; ಸ್ಪೀಕರಿಗೆ ಹಾಕಿದಳು. ಪೋಲೆಂಡಿನ ಆಸ್ಪತ್ರೆ ಕೆಲಸಕ್ಕೆ ಹೆಸರು ಕಳಿಸುವ ಮುನ್ನ ಪೋಲಿಶ್ ಕಲಿಸುವ ಮೇಡಂ ಕೊನೆಯ ಪರೀಕ್ಷೆ ಮಾಡುತ್ತಿದ್ದರು. ‘ಎಲ್ಲರಿಗಿಂತ ಜವಾಬ್ದಾರಿಯುಳ್ಳವಳು’ ಎನ್ನುವ ಒಂದೇ ಉದ್ದ ಪದವನ್ನು ಅವಳು ಹೇಳಬೇಕಿತ್ತು. ಹೇಳಿದಳು.

“ತಪ್ಪು ಕಣ್ರೀ. ಕೊನೇದಕ್ಕಿಂತ ಮುಂಚಿನ ತುಂಡು ಒತ್ತಬೇಕು, ನೀವು ಅದನ್ನೇ ನುಂಗ್ತೀರಿ. ಇನ್ನೊಂದೇ ಸಲ ಕೇಳ್ತೀನಿ.”

‘ಬರುತ್ತೀನಿ’ಯನ್ನು ‘ಬತ್ತೀನಿ’ ಎನ್ನುವ ನಾವು ಹುಟ್ಟಿನಿಂದಲೂ ನಡುವಿನ ಅಕ್ಷರ ನುಂಗಿದವರೇ. ಅಷ್ಟಕ್ಕೇ ಕೆಲಸ ತಪ್ಪಿಹೋಗುವುದುಂಟೇ?

“ಅತ್ತೆ, ಏನ್ ಮಾಡ್ಲಿ?”

ಅವಳ ನೋಟ್‌ಬುಕ್ಕಿನಲ್ಲಿ ಆ ಪದ ಏಳು ತುಂಡಾಗಿತ್ತು. ಸೆರಗಿನ ಮೇಲೆ ಏಳು ಕಾಳು ಸಾಲಾಗಿಟ್ಟೆ.

“ಒಂದೊಂದ್ ಕಾಳ್ಗೂ ಒಂದೊಂದ್ ತುಂಡು ಏಳವ್ವ. ನಾನು ಇಸುಕ್ದಾಗ ಒತ್ತು.”

“ನಾಯ್-ಒತ್-ಪೊ-ವ್ಯೆ-ಜಾಲ್-ನ್ಯೇಯ್-ಶಾ.”

ಫೋನಿನಲ್ಲಿ ಮೇಡಂ ಅಂದರು, “ಸರಿ, ಹೆಸರು ಕಳಿಸ್ತೀನಿ.”

ಒಂದಕ್ಷರ ಕಾಯ್ದೆಯಲ್ಲ ತಂದೆ, ಎಂದು ದೇವರಿಗೆ ಕೈಮುಗಿಯಲು ಹೋದರೆ ಆರನೆಯ ಕಾಳು ಬೆರಳಲ್ಲೇ ಅಪ್ಪಚ್ಚಿಯಾಗಿ ಅಂಟಿತ್ತು. ಉಳಿದ ಆರನ್ನು ಚೀಲಕ್ಕೆ ಹಾಕಿ, ಇನ್ನೊಂದು ಕಾಯಿ ಬಿಡಿಸಿದೆ.